ಕರಣವನ್ನು ಮರೆತ ಉಚ್ಚಾರಣೆಯ ಪಾಠ: ಕಪಾಲ ನರಗಳನ್ನು ಕುರಿತು ಕನ್ನಡ ಅಧ್ಯಾಪಕನ ಕೆಲವು ವಿಚಾರಗಳು

ಸ್ನಾತಕೋತ್ತರ ತರಗತಿಗಳಲ್ಲಿ ಧ್ವನಿವಿಜ್ಞಾನವನ್ನು ಬೋಧಿಸುವ ಅಧ್ಯಾಪಕರಿಗೆಲ್ಲ ಒಂದು ಚಿತ್ರ ಚಿರಪರಿಚಿತ. ಪಕ್ಕದಿಂದ ಸೀಳಿದ ಮನುಷ್ಯನ ತಲೆ. ಅದರಲ್ಲಿ ತುಟಿ, ಹಲ್ಲು, ಒಸಡು, ಕಠಿಣ ತಾಲು, ಮೃದು ತಾಲು, ಕಿರುನಾಲಿಗೆ, ನಾಲಿಗೆಯ ತುದಿ, ನಡು ಮತ್ತು ಬುಡ, ಕೆಳಗೆ ನಾದತಂತುಗಳು. ಪ್ರತಿಯೊಂದಕ್ಕೂ ಒಂದು ಬಾಣದ ಗುರುತು, ಒಂದು ಸಂಖ್ಯೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದ ನನಗೆ ಅದರ ಒಂದು ಕೊರತೆ ಬಹುಕಾಲ ಕಂಡಿರಲಿಲ್ಲ. ಆ ತಲೆಯಲ್ಲಿ ಮಿದುಳಿಲ್ಲ. ತಾಲುವಿನ ಮೇಲಿನ ಜಾಗವೆಲ್ಲ ಖಾಲಿ. ನಾಲಿಗೆ ಯಾರ ಆಜ್ಞೆಯಿಂದ ಮೇಲೇಳುತ್ತದೆ, ತುಟಿಗಳು ಯಾರು ಹೇಳಿದ್ದರಿಂದ ಕೂಡುತ್ತವೆ ಎಂಬ ಪ್ರಶ್ನೆಗೆ ಆ ಚಿತ್ರದಲ್ಲಿ ಸ್ಥಳವೇ ಇಲ್ಲ.

ಈ ಕೊರತೆ ನನಗೆ ಅರಿವಾದದ್ದು ಗ್ರಂಥಾಲಯದಲ್ಲಲ್ಲ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ತಾನಾಗಿ ಸೋರಿತು. ಕನ್ನಡಿಯಲ್ಲಿ ಬಾಯಿ ಎಡಕ್ಕೆ ಸೊಟ್ಟಗಾಗಿತ್ತು, ಬಲಗಣ್ಣು ಮುಚ್ಚಲೊಲ್ಲದು. ಮನೆಯವರು ಲಕ್ವ ಹೊಡೆಯಿತೆಂದು ಗಾಬರಿಯಾದರು. ನಾನು ಮಾತ್ರ, ಅಧ್ಯಾಪಕನ ಹುಂಬತನದಿಂದ, ಮೊದಲು ತರಗತಿಗೆ ಹೋದೆ. ಅಂದು ಹಳಗನ್ನಡದ ಪಾಠ. ‘ಪಂಪ’ ಎನ್ನಲು ಹೋದರೆ ತುಟಿಯ ಮೂಲೆಯಿಂದ ಗಾಳಿ ಸೋರಿ, ಕವಿಯ ಹೆಸರು ನನಗೇ ಗುರುತು ಸಿಗದಂತಾಯಿತು. ‘ಪೊನ್ನ’ನ ಗತಿಯೂ ಅದೇ. ‘ರನ್ನ’ ಮಾತ್ರ ಎಂದಿನಂತೆ ಸ್ಪಷ್ಟವಾಗಿ ಬಂದ. ರತ್ನತ್ರಯರಲ್ಲಿ ಇಬ್ಬರು ಹೋಗಿ ಒಬ್ಬನು ಉಳಿದ ಈ ವಿಚಿತ್ರಕ್ಕೆ ಕಾರಣ ಕಾವ್ಯಮೀಮಾಂಸೆಯಲ್ಲಿರಲಿಲ್ಲ. ಓಷ್ಠ್ಯ ವರ್ಣಗಳನ್ನು ಉಚ್ಚರಿಸುವ ತುಟಿಗಳನ್ನು ಆಳುವುದು ಏಳನೆಯ ಕಪಾಲ ನರವಾದ ಮುಖನರ. ರಕಾರ ನಕಾರಗಳಿಗೆ ಬೇಕಾದ ನಾಲಿಗೆಯನ್ನು ಆಳುವುದು ಹನ್ನೆರಡನೆಯ ನರ. ನನ್ನಲ್ಲಿ ಕೆಟ್ಟದ್ದು ಏಳನೆಯದು, ಅದೂ ಬಲಗಡೆಯದು ಮಾತ್ರ.

ಆಸ್ಪತ್ರೆಯಲ್ಲಿ ವೈದ್ಯರು ಹುಬ್ಬೇರಿಸಿ ಎಂದರು, ಕಣ್ಣು ಬಿಗಿಯಾಗಿ ಮುಚ್ಚಿ ಎಂದರು, ಕೆನ್ನೆ ಊದಿ ಎಂದರು. ಬಲಗಡೆಯ ಹಣೆ ಸುಕ್ಕುಗಟ್ಟಲಿಲ್ಲ. ಅದನ್ನು ನೋಡಿ ಅವರು ಸಮಾಧಾನಗೊಂಡದ್ದು ನನಗೆ ಆಶ್ಚರ್ಯ ತಂದಿತು. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಪಾರ್ಶ್ವಗಳಿಂದ ಆಜ್ಞೆ ಬರುತ್ತದೆ. ಆದ್ದರಿಂದ ಮಿದುಳಿನ ಒಂದು ಪಾರ್ಶ್ವಕ್ಕೆ ಆಘಾತವಾದರೆ ಕೆಳಮುಖ ಸೊಟ್ಟಗಾದರೂ ಹಣೆ ಸಾಮಾನ್ಯವಾಗಿ ಉಳಿಯುತ್ತದೆ. ಹಣೆಯೂ ಹೋಗಿದೆಯೆಂದರೆ ತೊಂದರೆ ಮಿದುಳಿನ ಒಳಗಿನ ದಾರಿಯಲ್ಲಿಲ್ಲ, ಬಹುಮಟ್ಟಿಗೆ ಹೊರಬಂದ ನರದಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಖನರವನ್ನು ವಿವರಿಸಿದ ಚಾರ್ಲ್ಸ್ ಬೆಲ್ ಅವರ ಹೆಸರಿನ ಈ ಕಾಯಿಲೆಯನ್ನು ನಮ್ಮ ಆಯುರ್ವೇದ ‘ಅರ್ದಿತ’ವೆಂದು ಗುರುತಿಸಿತ್ತು. ಮೊದಲ ಮೂರು ದಿನಗಳೊಳಗೆ ಸ್ಟಿರಾಯ್ಡ್ ಮಾತ್ರೆ ಆರಂಭಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ನನಗೆ ಎರಡು ತಿಂಗಳಲ್ಲಿ ಪಂಪ ಮರಳಿ ದಕ್ಕಿದ.

ಈ ಬರಹಕ್ಕೆ ಪ್ರೇರಣೆ ಆ ಕಾಯಿಲೆಯಲ್ಲ, ಅಲ್ಲಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದ ಒಬ್ಬ ಹಿರಿಯ ಹೆಂಗಸು. ಕುತ್ತಿಗೆಯ ಗಂಟಿಗೆ, ಎಂದರೆ ಥೈರಾಯ್ಡ್ ಗ್ರಂಥಿಗೆ, ಶಸ್ತ್ರಚಿಕಿತ್ಸೆಯಾಗಬೇಕಿತ್ತು. ಹೆಬ್ಬೆಟ್ಟು ಒತ್ತಬೇಕಾದ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಬಾಯಲ್ಲಿ ಹೇಳಿದವರೂ ನಡುವಿನ ಮುಖ್ಯ ಪದಗಳನ್ನು ಇಂಗ್ಲಿಷಿನಲ್ಲಿಯೇ ಹೇಳಿ ಹೋಗಿದ್ದರು. ಆಕೆ ನನ್ನ ಕೈಗೆ ಹಾಳೆ ಕೊಟ್ಟು, “ಮೇಷ್ಟ್ರೇ, ಇದ್ರಾಗೆ ಏನೋ ನರ ಅಂದ್ರಲ್ಲ, ಏನದು? ಮಾತು ಹೊಂಟೋಯ್ತದಾ?” ಎಂದು ಕೇಳಿದರು. ಹಾಳೆಯಲ್ಲಿದ್ದ ಆ ನರದ ಹೆಸರನ್ನು ನಾನು ಓದಬಲ್ಲೆ. ಅದರ ಅರ್ಥವನ್ನು ಆಕೆಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಲು, ಕನ್ನಡದಲ್ಲಿಯೇ ಡಾಕ್ಟರೇಟ್ ಪಡೆದ ನನ್ನಿಂದ ಆಗಲಿಲ್ಲ. ಸೊಟ್ಟ ಬಾಯಿಯ ನೆಪ ಹೇಳಿ ತಪ್ಪಿಸಿಕೊಂಡೆ.

ಕಪಾಲ ನರಗಳು ಹನ್ನೆರಡು ಜೊತೆ. ಬೆನ್ನುಹುರಿಯಿಂದ ಹೊರಡದೆ, ನೇರವಾಗಿ ಮಿದುಳಿಗೆ ಸೇರಿ ತಲೆಬುರುಡೆಯ ರಂಧ್ರಗಳ ಮೂಲಕ ಹೊರಬರುವುದರಿಂದ ಅವುಗಳಿಗೆ ಈ ಹೆಸರು. ಹನ್ನೊಂದನೆಯದರ ಒಂದು ಬೇರು ಮಾತ್ರ ಕುತ್ತಿಗೆಯ ಬೆನ್ನುಹುರಿಯಲ್ಲಿದೆ. ವರ್ಗೀಕರಣಗಳಲ್ಲಿ ಇಂತಹ ಅಪವಾದಗಳು ವೈಯಾಕರಣರಿಗೆ ಹೊಸತಲ್ಲ. ಸಂಖ್ಯೆಯೂ ಒಮ್ಮೆಲೇ ನಿಂತದ್ದಲ್ಲ. ಎರಡನೆಯ ಶತಮಾನದ ಗ್ಯಾಲೆನ್ ಏಳು ಜೊತೆಗಳನ್ನು ಎಣಿಸಿದ್ದ. 1664ರಲ್ಲಿ ಥಾಮಸ್ ವಿಲಿಸ್ ಅದನ್ನು ಪರಿಷ್ಕರಿಸಿದ. ಇಂದಿನ ಹನ್ನೆರಡರ ಕ್ರಮವನ್ನು ಕೊಟ್ಟವನು 1778ರಲ್ಲಿ ಜರ್ಮನಿಯ ಸೋಮ್ಮರಿಂಗ್. ಮೊದಲಿನದು ಮೂಗಿನ ವಾಸನೆಗೆ, ಎರಡನೆಯದು ನೋಟಕ್ಕೆ. ಇವೆರಡೂ ನಿಜಾರ್ಥದಲ್ಲಿ ನರಗಳಾಗಿರದೆ ಮಿದುಳಿನದೇ ಚಾಚುಗಳು. ಮೂರು, ನಾಲ್ಕು, ಆರು ಕಣ್ಣಿನ ಚಲನೆಗೆ. ಇವುಗಳನ್ನು ಇಲ್ಲಿಗೆ ಬಿಡುತ್ತೇನೆ. ನಮ್ಮ ವಿಷಯಕ್ಕೆ ಬೇಕಾದವು ಐದು, ಏಳು, ಎಂಟು, ಒಂಬತ್ತು, ಹತ್ತು ಮತ್ತು ಹನ್ನೆರಡು.

ನಮ್ಮ ವರ್ಗೀಯ ವ್ಯಂಜನಗಳ ಕೋಷ್ಟಕವನ್ನು ಈ ನರಗಳ ಬೆಳಕಿನಲ್ಲಿ ನೋಡಿದರೆ ಕುತೂಹಲದ ಸಂಗತಿಯೊಂದು ಹೊಳೆಯುತ್ತದೆ. ಮೇಲಿನಿಂದ ಕೆಳಕ್ಕೆ ಕವರ್ಗದಿಂದ ತವರ್ಗದವರೆಗೆ ಸಾಗುವಾಗ ಬದಲಾಗುವುದು ನಾಲಿಗೆಯ ಯಾವ ಭಾಗ ಎಲ್ಲಿಗೆ ಏರುತ್ತದೆ ಎಂಬುದು. ಅಂದರೆ ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ ಎಂಬ ನಾಲ್ಕು ಹೆಸರುಗಳ ಹಿಂದೆ ಪ್ರಧಾನವಾಗಿ ಒಂದೇ ನರ ದುಡಿಯುತ್ತಿದೆ: ನಾಲಿಗೆಯ ಕೆಳಗಿನಿಂದ ಅದನ್ನು ಪ್ರವೇಶಿಸುವ ಹನ್ನೆರಡನೆಯದು. ಪವರ್ಗಕ್ಕೆ ಬಂದೊಡನೆ ನರವೇ ಬದಲಾಗಿ ಏಳನೆಯದು ಕೆಲಸ ವಹಿಸಿಕೊಳ್ಳುತ್ತದೆ. ಕೆಳದವಡೆಯನ್ನು ಎತ್ತಿ ಹಿಡಿಯಲು ಐದನೆಯದರ ನೆರವೂ ಬೇಕು. ಇನ್ನು ಅದೇ ಕೋಷ್ಟಕವನ್ನು ಎಡದಿಂದ ಬಲಕ್ಕೆ ಓದಿ. ಪ, ಫ, ಬ, ಭ, ಮ. ಐದರಲ್ಲಿಯೂ ತುಟಿಗಳ ಕೆಲಸ ಒಂದೇ. ಘೋಷವೋ ಅಘೋಷವೋ, ಅಲ್ಪಪ್ರಾಣವೋ ಮಹಾಪ್ರಾಣವೋ ಎಂಬುದು ನಾದತಂತುಗಳು ಕೂಡುವುದನ್ನೂ ಅಗಲುವುದನ್ನೂ ಅವಲಂಬಿಸಿದೆ. ಅನುನಾಸಿಕವೋ ಅಲ್ಲವೋ ಎಂಬುದು ಮೃದು ತಾಲು ಮೇಲೇರಿ ಮೂಗಿನ ದಾರಿಯನ್ನು ಮುಚ್ಚುವುದನ್ನು ಅವಲಂಬಿಸಿದೆ. ಈ ಎರಡನ್ನೂ ಬಹುಮಟ್ಟಿಗೆ ನಡೆಸುವುದು ಹತ್ತನೆಯ ನರವಾದ ವೇಗಸ್. ಸ್ಥೂಲವಾಗಿ ಹೇಳುವುದಾದರೆ ವರ್ಗಗಳ ಭೇದ ಹನ್ನೆರಡನೆಯ ಮತ್ತು ಏಳನೆಯ ನರಗಳದ್ದು. ವರ್ಗದೊಳಗಿನ ಭೇದ ಹತ್ತನೆಯದರದ್ದು.

ಇದು ಬರಿಯ ಚಮತ್ಕಾರವಲ್ಲ. ಹತ್ತನೆಯ ನರಕ್ಕೆ ಪೆಟ್ಟು ಬಿದ್ದು ಮೃದು ತಾಲು ಜೋಲುಬಿದ್ದವರ ಮಾತಿನಲ್ಲಿ ಬಕಾರ ಮಕಾರದ ಕಡೆಗೆ ವಾಲುತ್ತದೆ. ಮಾತೆಲ್ಲ ಮೂಗಿನಲ್ಲಿ ಬಂದಂತಿರುತ್ತದೆ. ಹನ್ನೆರಡನೆಯದು ಒಂದು ಕಡೆ ಸೋತರೆ, ಹೊರಚಾಚಿದ ನಾಲಿಗೆ ಸೋತ ಕಡೆಗೇ ತಿರುಗುತ್ತದೆ. ಟವರ್ಗವೂ ಳಕಾರವೂ ಮಸುಕಾಗುತ್ತವೆ. ವೈದ್ಯರು ಬಾಯಿ ತೆರೆಸಿ ‘ಆ’ ಎನ್ನಿ ಎಂದು ಹೇಳುವುದು ಗಂಟಲನ್ನು ಇಣುಕಲು ಮಾತ್ರವಲ್ಲ. ಆ ಸ್ವರವನ್ನು ಹೇಳುವಾಗ ಮೃದು ತಾಲು ಎರಡೂ ಕಡೆ ಸಮನಾಗಿ ಏಳಬೇಕು. ಒಂದು ಕಡೆಯ ನರ ಸೋತಿದ್ದರೆ ಕಿರುನಾಲಿಗೆ ಆರೋಗ್ಯವಾಗಿರುವ ಕಡೆಗೆ ಎಳೆಯಲ್ಪಡುತ್ತದೆ. ನಮ್ಮ ಅಕ್ಷರಮಾಲೆಯ ಎರಡನೆಯ ಅಕ್ಷರವೇ ಒಂದು ನರಪರೀಕ್ಷೆ ಎಂಬುದನ್ನು ನಾವು ಎಷ್ಟು ತರಗತಿಗಳಲ್ಲಿ ಹೇಳಿದ್ದೇವೆ?

ಇಲ್ಲಿ ನನ್ನ ಮುಖ್ಯ ಆಕ್ಷೇಪವನ್ನು ಮುಂದಿಡುತ್ತೇನೆ. ಪ್ರಾಚೀನ ಶಿಕ್ಷಾಶಾಸ್ತ್ರ ಮತ್ತು ಪ್ರಾತಿಶಾಖ್ಯಗಳು ವರ್ಣೋತ್ಪತ್ತಿಯನ್ನು ವಿವರಿಸುವಾಗ ‘ಸ್ಥಾನ’ ಮತ್ತು ‘ಕರಣ’ಗಳೆಂಬ ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸಿದ್ದವು. ತಾಗಿಸಿಕೊಳ್ಳುವುದು ಸ್ಥಾನ, ಹೋಗಿ ತಾಗುವುದು ಕರಣ. ತಾಲು ಸ್ಥಾನವಾದರೆ ನಾಲಿಗೆಯ ನಡುಭಾಗ ಕರಣ. ನಮ್ಮ ಪಠ್ಯಪುಸ್ತಕಗಳಲ್ಲಿ ಮತ್ತು ಪ್ರಶ್ನೆಪತ್ರಿಕೆಗಳಲ್ಲಿ ಉಳಿದದ್ದು ಸ್ಥಾನ ಮಾತ್ರ. ಅಲುಗದಿರುವುದನ್ನು ಹಿಡಿದುಕೊಂಡು ಅಲುಗುವುದನ್ನು ಕೈಬಿಟ್ಟೆವು. ನರಗಳು ಆಳುವುದು ಕರಣವನ್ನು. ಕರಣ ಮರೆತುಹೋದ ಮೇಲೆ ನರಗಳ ಮಾತು ಬರುವುದಾದರೂ ಹೇಗೆ? ಆದ್ದರಿಂದ ಕಪಾಲ ನರಗಳನ್ನು ನಮ್ಮ ಪಾಠಕ್ಕೆ ತರುವುದು ಹೊರಗಿನ ಶಾಸ್ತ್ರವೊಂದಕ್ಕೆ ಶರಣಾಗುವುದೆಂದು ಯಾರೂ ಭಾವಿಸಬೇಕಿಲ್ಲ. ನಮ್ಮದೇ ಪರಂಪರೆಯ ಅರ್ಧವನ್ನು ಮರಳಿ ಪಡೆಯುವ ದಾರಿಯದು.

ಹಾಗೆಂದು ಪರಂಪರೆಯ ಬಗ್ಗೆ ಸಲ್ಲದ ಹೆಗ್ಗಳಿಕೆಯೂ ಬೇಡ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ, ಜೀವನ ಇಚ್ಛೆಯಿಂದಲೂ ಅನುಕೂಲವಾದ ಗಾಳಿಯಿಂದಲೂ ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದ ಹುಟ್ಟುವುದೆಂದು ಹೇಳುತ್ತಾನೆ. ಸುಶ್ರುತಸಂಹಿತೆಯ ಶಾರೀರಸ್ಥಾನ ನಾಭಿಯಿಂದ ಹೊರಡುವ ಇಪ್ಪತ್ತನಾಲ್ಕು ಧಮನಿಗಳನ್ನು ಎಣಿಸಿ, ಮೇಲ್ಮುಖವಾದವು ಶಬ್ದ, ರೂಪ, ರಸ, ಗಂಧಗಳನ್ನೂ ಮಾತು, ನಗು, ಅಳುಗಳನ್ನೂ ಹೊರುತ್ತವೆ ಎನ್ನುತ್ತದೆ. ಇವುಗಳನ್ನು ಓದಿದೊಡನೆ, ಕಪಾಲ ನರಗಳನ್ನು ನಮ್ಮವರು ಆಗಲೇ ಕಂಡಿದ್ದರು ಎಂದು ಘೋಷಿಸುವ ಲೇಖನವೊಂದು ಎಲ್ಲಿಯಾದರೂ ಸಿದ್ಧವಾಗಬಹುದು. ಅದು ಸರಿಯಲ್ಲ. ಧಮನಿಯ ಮೂಲ ನಾಭಿ; ಕಪಾಲ ನರದ ಮೂಲ ಮಿದುಳು. ಎರಡರ ಶರೀರಕಲ್ಪನೆಯೇ ಬೇರೆ. ಕೇಶಿರಾಜನಲ್ಲಿ ನಿಜವಾಗಿ ಗಮನಿಸಬೇಕಾದದ್ದು ಆತ ಒಟ್ಟಿಗೆ ಇಟ್ಟ ಸಂಗತಿಗಳು: ಇಚ್ಛೆ, ಗಾಳಿ, ಅವುಗಳಿಂದ ಶಬ್ದ. ಇಚ್ಛೆಗೂ ಶಬ್ದಕ್ಕೂ ನಡುವೆ ಒಂದು ದಾರಿ ಬೇಕೆಂಬ ಪ್ರಶ್ನೆಯನ್ನು ಆತ ತೆರೆದಿಟ್ಟ. ನಾವು ಆ ಪದ್ಯವನ್ನು ಅನ್ವಯ, ತಾತ್ಪರ್ಯಗಳೊಡನೆ ಬಾಯಿಪಾಠ ಮಾಡಿಸಿದೆವೇ ಹೊರತು ದಾರಿಯನ್ನು ಹುಡುಕಲಿಲ್ಲ. ಒಂದು ವಿಷಯವನ್ನು ಸೇರಿಸಬೇಕು. ಮಾತಿಗೆ ಬೇಕಾದ ಗಾಳಿಯನ್ನು ಒದಗಿಸುವ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪೊರೆ, ಕಪಾಲ ನರಗಳ ಅಧೀನದಲ್ಲಿಲ್ಲ. ಕುತ್ತಿಗೆಯ ಮೂರು, ನಾಲ್ಕು, ಐದನೆಯ ಬೆನ್ನುಹುರಿ ನರಗಳಿಂದ ಅದಕ್ಕೆ ಆಜ್ಞೆ ಬರುತ್ತದೆ. ಗಾಳಿಗೆ ಒಂದು ಆಡಳಿತ, ಅದನ್ನು ವರ್ಣವಾಗಿಸುವುದಕ್ಕೆ ಇನ್ನೊಂದು.

ಮಾತು ಕೇವಲ ಹೊರಹೋಗುವ ಆಜ್ಞೆಯಲ್ಲ, ಒಳಬರುವ ಸುದ್ದಿಯೂ ಹೌದು. ಹಲ್ಲಿನ ವೈದ್ಯರಲ್ಲಿ ಕೆಳದವಡೆಗೆ ಮರವಿನ ಚುಚ್ಚುಮದ್ದು ಹಾಕಿಸಿಕೊಂಡವರೆಲ್ಲರಿಗೂ ಇದು ಅನುಭವವೇದ್ಯ. ನಾಲಿಗೆಯ ಚಲನೆಗೆ ಏನೂ ಆಗಿರುವುದಿಲ್ಲ. ಐದನೆಯ ನರದ ಕವಲುಗಳು ಮರಗಟ್ಟಿ, ನಾಲಿಗೆ ತುಟಿಗಳು ಎಲ್ಲಿವೆಯೆಂಬ ಸುದ್ದಿ ಮೇಲಕ್ಕೆ ಹೋಗದಿರುವುದಷ್ಟೇ. ಅಷ್ಟರಿಂದಲೇ ಮಾತು ತೊದಲುತ್ತದೆ. ಇನ್ನು ನಾಲಿಗೆ ಒಂದೇ ಅಂಗವಾದರೂ ಅದರ ಆಡಳಿತ ಹಲವರ ಕೈಯಲ್ಲಿದೆ: ಚಲನೆ ಹನ್ನೆರಡನೆಯದಕ್ಕೆ, ಮುಂದಿನ ಮೂರನೆಯ ಎರಡು ಭಾಗದ ಸ್ಪರ್ಶ ಐದನೆಯದಕ್ಕೆ, ಅಲ್ಲಿಯ ರುಚಿ ಏಳನೆಯದಕ್ಕೆ, ಹಿಂಭಾಗದ ಸ್ಪರ್ಶ ಮತ್ತು ರುಚಿ ಎರಡೂ ಒಂಬತ್ತನೆಯದಕ್ಕೆ. ನನ್ನ ಕಾಯಿಲೆಯ ದಿನಗಳಲ್ಲಿ ಸಾರು ಸಪ್ಪೆಯೆನಿಸಿದ್ದಕ್ಕೂ ಅಡುಗೆಮನೆಯ ತಟ್ಟೆಯ ಸದ್ದು ಬಲಗಿವಿಯನ್ನು ಇರಿದಂತಾದದ್ದಕ್ಕೂ ಕಾರಣ ಒಂದೇ ನರ. ಮಧ್ಯಕಿವಿಯ ಅತಿ ಚಿಕ್ಕ ಮೂಳೆಯನ್ನು ಹಿಡಿದೆಳೆದು ದೊಡ್ಡ ಸದ್ದನ್ನು ತಗ್ಗಿಸುವ ಪುಟ್ಟ ಸ್ನಾಯುವನ್ನೂ ಏಳನೆಯ ನರವೇ ಆಳುತ್ತದೆ. ತುಟಿಯೂ ಕಿವಿಯೂ ಹೀಗೆ ನೆರೆಹೊರೆ. ಎಂಟನೆಯದಾದ ಶ್ರವಣನರದ ಮಹತ್ವವನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲ. ಕೇಳದ ಮಗು ಆಡುವುದನ್ನು ತಾನಾಗಿ ಕಲಿಯದು.

ನರಗಳನ್ನು ಕಲಿತ ಮಾತ್ರಕ್ಕೆ ಭಾಷೆಯ ಎಲ್ಲ ಪ್ರಶ್ನೆಗಳೂ ಬಗೆಹರಿಯುತ್ತವೆ ಎಂದು ನಾನು ಹೇಳುತ್ತಿಲ್ಲ. ಬದಲಿಗೆ ಯಾವ ಪ್ರಶ್ನೆ ನರದ್ದಲ್ಲ ಎಂಬುದೂ ಆಗ ತಿಳಿಯುತ್ತದೆ. ಡಿ.ಎನ್. ಶಂಕರ ಭಟ್ಟರು ಕನ್ನಡ ಬರವಣಿಗೆಯಲ್ಲಿ ಮಹಾಪ್ರಾಣಗಳು ಬೇಕೇ ಎಂದು ಎತ್ತಿದ ಚರ್ಚೆಯನ್ನು ನೆನೆಯಿರಿ. ಮಹಾಪ್ರಾಣಕ್ಕೆ ಬೇಕಾದ ನಾದತಂತುಗಳ ಅಗಲಿಕೆ ಯಾವ ಕನ್ನಡಿಗನಿಗೂ ಅಸಾಧ್ಯವಲ್ಲ. ಆಡುವುದೂ ಬಿಡುವುದೂ ರೂಢಿಯ ಮಾತು. ಆ ವಾದದ ತೀರ್ಮಾನ ಶರೀರಶಾಸ್ತ್ರದ ಕೈಯಲ್ಲಿಲ್ಲ. ಹಾಗೆಯೇ ‘ಹಾಲು’ ಎಂಬುದನ್ನು ‘ಆಲು’ ಎನ್ನುವ ಹಳ್ಳಿಯ ಹುಡುಗನಿಗೆ ‘ನಾಲಿಗೆ ಹೊರಳದು’ ಎಂದು ಬಯ್ಯುವ ಉಪಾಧ್ಯಾಯರು ಎರಡು ತಪ್ಪು ಮಾಡುತ್ತಾರೆ. ಅವನ ನಾಲಿಗೆ ಸರಿಯಾಗಿಯೇ ಇದೆ, ಅದು ಅವನ ಊರಿನ ನುಡಿ. ಮೇಲಾಗಿ ಹಕಾರಕ್ಕೂ ನಾಲಿಗೆಗೂ ಸಂಬಂಧವೇ ಇಲ್ಲ. ಇದಕ್ಕಿಂತ ಗಂಭೀರವಾದದ್ದು ಇನ್ನೊಂದು ತಪ್ಪು. ನಿಜವಾಗಿ ತಾಲುವೋ ನಾಲಿಗೆಯೋ ಸೋತಿರುವ ಮಗುವನ್ನು ಸೋಮಾರಿಯೆಂದು ಬೆಂಚಿನ ಮೇಲೆ ನಿಲ್ಲಿಸುವುದು. ನಮ್ಮ ವಿಭಾಗಗಳಿಂದ ಹೊರಬರುವ ಬಹುಪಾಲು ವಿದ್ಯಾರ್ಥಿಗಳು ಆಗುವುದು ಶಾಲಾ ಕಾಲೇಜುಗಳ ಕನ್ನಡ ಅಧ್ಯಾಪಕರೇ. ಈ ಎರಡು ಮಕ್ಕಳ ನಡುವಿನ ವ್ಯತ್ಯಾಸವನ್ನು ಅವರಿಗೆ ಕಲಿಸದಿದ್ದರೆ ಸ್ಥಾನಗಳ ಪಟ್ಟಿಯಿಂದ ಏನು ಪ್ರಯೋಜನ?

ಭಾಷೆ ಮತ್ತು ಮಾತುಗಳ ಭೇದವನ್ನು ನಾವು ಸಸ್ಯೂರನ ಹೆಸರಿನಲ್ಲಿ ಪ್ರತಿ ವರ್ಷ ಬೋಧಿಸುತ್ತೇವೆ. ಆಸ್ಪತ್ರೆಯಲ್ಲಿ ಬೇರೊಂದು ಅರ್ಥದಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಮಿದುಳಿನ ಕಾಂಡಕ್ಕೋ ಕಪಾಲ ನರಕ್ಕೋ ಪೆಟ್ಟಾದವನ ಉಚ್ಚಾರಣೆ ಕೆಡುತ್ತದೆ. ಆದರೆ ಆತ ತಪ್ಪಿಲ್ಲದೆ ಬರೆದು ತೋರಿಸಬಲ್ಲ. ಮಿದುಳಿನ ಎಡಭಾಗದಲ್ಲಿ, 1861ರಲ್ಲಿ ಪಾಲ್ ಬ್ರೋಕಾ ತೋರಿಸಿದಂತಹ ಜಾಗದಲ್ಲಿ, ಪೆಟ್ಟಾದವನ ತುಟಿ ನಾಲಿಗೆಗಳು ಚೆನ್ನಾಗಿದ್ದರೂ ಪದವೇ ಒದಗದು. ಬರವಣಿಗೆಯೂ ಸಾಮಾನ್ಯವಾಗಿ ಕೆಡುತ್ತದೆ. ಕಳೆದ ಕೆಲವು ದಶಕಗಳಲ್ಲಿ ದೇಹ, ದೇಹರಾಜಕಾರಣ ಎಂಬ ಶೀರ್ಷಿಕೆಗಳುಳ್ಳ ಪ್ರಬಂಧಗಳು ನಮ್ಮಲ್ಲಿ ಬೇಕಾದಷ್ಟು ಬಂದಿವೆ. ಕೆಲವಕ್ಕೆ ನಾನೇ ಮಾರ್ಗದರ್ಶಕ. ಅವುಗಳಲ್ಲಿ ದೇಹದ ಬಗ್ಗೆ ಎಲ್ಲವೂ ಇತ್ತು, ದೇಹವೊಂದನ್ನು ಬಿಟ್ಟು.

ಸಹೋದ್ಯೋಗಿಯೊಬ್ಬರು, ಇದೆಲ್ಲ ವೈದ್ಯರ ಕೆಲಸ, ನಮಗೇಕೆ ಎಂದರು. ವೈದ್ಯಕ್ಕೂ ಕನ್ನಡ ವಿದ್ವತ್ತಿಗೂ ಈ ಬೇಲಿ ಹಿಂದೆ ಇರಲಿಲ್ಲ. ಜಗದ್ದಳ ಸೋಮನಾಥನ ಕರ್ನಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣಗಳನ್ನು ಸಾಹಿತ್ಯ ಚರಿತ್ರೆಯಲ್ಲಿ ಹೆಸರಿಸುವವರು ನಾವೇ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಮಾಸಪತ್ರಿಕೆಯನ್ನು ತಂದರು, ಡಿ.ಎಸ್. ಶಿವಪ್ಪನವರು ವೈದ್ಯಕೀಯ ಪದಕೋಶಕ್ಕಾಗಿ ದುಡಿದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆಗೂ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ನಡಿಗೆಯ ದೂರವಷ್ಟೇ. ಇಡೀ ರಾಜ್ಯದಲ್ಲಿ ಕನ್ನಡದ ಧ್ವನಿಗಳು ಎಲ್ಲಿ, ಹೇಗೆ ಮುರಿಯುತ್ತವೆ ಎಂಬುದನ್ನು ದಿನವೂ ಕೇಳುವವರು ಅಲ್ಲಿದ್ದಾರೆ. ನಮ್ಮ ಧ್ವನಿವಿಜ್ಞಾನದ ಪಠ್ಯಕ್ರಮದಲ್ಲಿ ಮೂರು ಗಂಟೆಯನ್ನು ನರಗಳಿಗೆ ಮೀಸಲಿಟ್ಟು, ಅಂತಹ ಕಡೆ ವಿದ್ಯಾರ್ಥಿಗಳನ್ನು ಒಂದು ದಿನ ಕೂರಿಸಿದರೆ ಯಾವ ಕವಿಗೂ ಅನ್ಯಾಯವಾಗದು.

ಕಡೆಗೆ ಪದಗಳ ವಿಷಯ. ‘ನರ’ ಎಂಬ ನಮ್ಮ ಮಾತೇ ಸಡಿಲವಾದದ್ದು. ನರ ಎಳೆಯಿತು ಎಂದಾಗ ಸ್ನಾಯು ಅಥವಾ ಅದರ ಕಟ್ಟು. ಕೈಯ ನರ ಉಬ್ಬಿದೆ ಎಂದಾಗ ರಕ್ತನಾಳ. ತಮಿಳಿನ ‘ನರಂಬು’ ಎಂಬ ಜ್ಞಾತಿಪದಕ್ಕೆ ವೀಣೆಯ ತಂತಿ ಎಂಬ ಅರ್ಥವೂ ಉಂಟು. ಈ ಸಡಿಲತೆಗೆ ಹೆದರಿ ನಾವು ‘ಜಿಹ್ವಾಗ್ರಸನೀ’, ‘ಅಧೋಜಿಹ್ವಾ’ ಎಂಬಂತಹ ರೂಪಗಳನ್ನು ಟಂಕಿಸಿದರೆ ಬೆಂಚಿನ ಮೇಲಿನ ಆ ತಾಯಿಗೆ ಇಂಗ್ಲಿಷಿಗಿಂತ ಅದು ಹತ್ತಿರವಾಗದು. ಮೂಲದ ಲ್ಯಾಟಿನ್ ಗ್ರೀಕ್ ಹೆಸರುಗಳು ಸ್ವತಃ ಬಡಗಿಯ, ರೈತನ ಮಾತುಗಳಂತಿವೆ. ನಾಲ್ಕನೆಯ ನರದ ಹೆಸರಿನಲ್ಲಿರುವುದು ರಾಟೆ. ಬಾವಿಯ ಹಗ್ಗದಂತೆ ಕಣ್ಣಿನ ಸ್ನಾಯು ಅಲ್ಲಿ ರಾಟೆಯ ಮೇಲೆ ಹಾದು ತಿರುಗುತ್ತದೆ. ‘ರಾಟೆನರ’ ಎಂದರೆ ಆಯಿತು. ಐದನೆಯದು ‘ಮುಕ್ಕವಲು ನರ’. ಒಂಬತ್ತನೆಯದು ‘ನಾಲಿಗೆ-ಗಂಟಲ ನರ’. ವೇಗಸ್ ಎಂದರೆ ಅಲೆಯುವವನು. ತಲೆಯಿಂದ ಹೊರಟು ಕುತ್ತಿಗೆ, ಎದೆ ದಾಟಿ ಹೊಟ್ಟೆಯವರೆಗೆ ಹೋಗುವ ಅದನ್ನು ‘ಅಲೆಮಾರಿ ನರ’ ಎನ್ನಲು ಸಂಕೋಚವೇಕೆ?

ಅಂದು ಆ ಹಾಳೆಯಲ್ಲಿದ್ದದ್ದು ಈ ಅಲೆಮಾರಿಯ ಒಂದು ಕವಲು. ಅದು ಧ್ವನಿಪೆಟ್ಟಿಗೆಗೆ ನೇರವಾಗಿ ಹೋಗದೆ ಕೆಳಕ್ಕೆ ಇಳಿದು, ಎಡಗಡೆ ಹೃದಯದಿಂದ ಹೊರಡುವ ಮಹಾಧಮನಿಯ ಕಮಾನನ್ನು ಬಳಸಿ, ಮತ್ತೆ ಮೇಲೇರಿ, ಥೈರಾಯ್ಡ್ ಗ್ರಂಥಿಯ ಹಿಂದಿನಿಂದ ನಾದತಂತುಗಳನ್ನು ಸೇರುತ್ತದೆ. ಬಲಗಡೆಯದು ಸ್ವಲ್ಪ ಮೇಲಿನ ಇನ್ನೊಂದು ರಕ್ತನಾಳವನ್ನು ಬಳಸುತ್ತದೆ. ಇದೇ ನರಗಳನ್ನು ಹಂದಿಯಲ್ಲಿ ಕತ್ತರಿಸಿ, ಅದರ ಅರಚಾಟ ಥಟ್ಟನೆ ನಿಂತದ್ದನ್ನು ಗ್ಯಾಲೆನ್ ರೋಮಿನ ಜನರೆದುರು ತೋರಿಸಿದ್ದ. ಆಕೆಗೆ ನಾನು ಹೇಳಬೇಕಾಗಿದ್ದ ಮಾತನ್ನು ತಡವಾಗಿ ಹೀಗೆ ಬರೆದುಕೊಂಡಿದ್ದೇನೆ: “ಅಮ್ಮಾ, ನಿಮ್ಮ ಗಂಟಿನ ಹಿಂದುಗಡೆಯೇ ಎರಡು ಕಡೆಯೂ ದನಿಯ ನರ ಹಾದುಹೋಗುತ್ತದೆ. ಗಂಟು ತೆಗೆಯುವಾಗ ಅದಕ್ಕೆ ತಾಗದಂತೆ ನೋಡಿಕೊಳ್ಳುತ್ತಾರೆ. ಒಂದು ಕಡೆಯದಕ್ಕೆ ಪೆಟ್ಟಾದರೆ ದನಿ ಒಡೆದು ಗೊಗ್ಗರಾಗಬಹುದು. ಎಷ್ಟೋ ಜನರಿಗೆ ಸರಿಹೋಗುತ್ತದೆ. ಎರಡೂ ಕಡೆ ಪೆಟ್ಟಾದರೆ ಉಸಿರಿಗೇ ಕಷ್ಟ, ಅದು ಅಪರೂಪ. ನಿಮ್ಮ ಮಾತು ಮಾತ್ರ ನಿಮ್ಮ ತಲೆಯಲ್ಲಿ ಹಾಗೆಯೇ ಇರುತ್ತದೆ.”

ಆ ಕವಲಿಗೆ ಒಂದು ಒಳ್ಳೆಯ ಕನ್ನಡ ಹೆಸರು ಇನ್ನೂ ನನಗೆ ಹೊಳೆದಿಲ್ಲ. ‘ಮರಳುನರ’ ಎಂದರೆ ಅರ್ಥ ಸರಿ, ಆದರೆ ಹೊಳೆಯ ಮರಳು ಅಡ್ಡ ಬರುತ್ತದೆ. ನಾಲಿಗೆ ತುಸು ಜಾರಿದರೆ ‘ಮರುಳುನರ’ವಾಗಿ ರೋಗಿ ಬೇರೊಂದು ಕಾರಣಕ್ಕೆ ಗಾಬರಿಯಾದಾನು. ‘ಹಿಂದಿರುಗು ನರ’ ಉದ್ದವಾಯಿತು. ‘ಬಳಸುನರ’ ಎಂಬುದು ಸದ್ಯಕ್ಕೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಡನೆ ಕುಳಿತಿದೆ. ಓದುಗ ವಿದ್ವಾಂಸರಲ್ಲಿ ಯಾರಿಗಾದರೂ, ಅಥವಾ ಅವರ ಊರಿನ ನಾಟಿವೈದ್ಯರ ಬಾಯಲ್ಲಿ, ಇದಕ್ಕಿಂತ ಉತ್ತಮವಾದದ್ದು ಇದ್ದರೆ ಆ ಚಿಹ್ನೆಯನ್ನು ಸಂತೋಷದಿಂದ ಅಳಿಸುತ್ತೇನೆ.